ವರ್ಷಕ್ಕೆರಡು ಇಂಜೆಕ್ಷನ್ ಸಾಕಂತೆ, ಹಾಗಾದರೆ ಊರಿನ ರೇಡಿಯೊ ಏಕೆ ಬೇಕು?

ದಕ್ಷಿಣ ಆಫ್ರಿಕಾದಿಂದ ಬರುತ್ತಿರುವ ಎಚ್‌ಐವಿ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸೋಂಕನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆಯುವ ಲೆನಾಕಪವಿರ್ ಎಂಬ ಔಷಧ ಬಂದಿದೆ ಎನ್ನುತ್ತದೆ ಒಂದು ಸುದ್ದಿ. ಅಮೆರಿಕದ ನೆರವು ನಿಂತು ಸಾವಿರಾರು ಆರೋಗ್ಯ ಕಾರ್ಯಕರ್ತರು ಕೆಲಸ ಕಳೆದುಕೊಂಡಿದ್ದಾರೆ, ಇಷ್ಟು ವರ್ಷ ಗಳಿಸಿದ್ದು ಕೈತಪ್ಪಬಹುದು ಎನ್ನುತ್ತದೆ ಇನ್ನೊಂದು. ಎರಡೂ ನಿಜ. ಔಷಧ ಸುಧಾರಿಸುತ್ತಿರುವ ಹೊತ್ತಿನಲ್ಲೇ ಅದರ ಬಗ್ಗೆ ಜನರೊಂದಿಗೆ ಅವರ ಭಾಷೆಯಲ್ಲಿ ಮಾತನಾಡುವ ವ್ಯವಸ್ಥೆ ಕುಸಿಯುತ್ತಿದೆ. ಆ ವ್ಯವಸ್ಥೆಯ ಒಂದು ಮುಖ್ಯ ಭಾಗ ಸಮುದಾಯ ರೇಡಿಯೊ. ಅತಿ ಹೆಚ್ಚು ಅಪಾಯದಲ್ಲಿರುವ ಕಪ್ಪು ಯುವತಿಯರ ಪಾಲಿಗೆ ಅದು ಏಕೆ ಮುಖ್ಯ ಎಂಬುದು ಅರ್ಥವಾಗಬೇಕಾದರೆ ಸೋಂಕು ಹರಡಿದ ಬಗೆಯಿಂದಲೇ ಆರಂಭಿಸಬೇಕು.

ಸೋಂಕಿನ ಸರಪಳಿ

ದಕ್ಷಿಣ ಆಫ್ರಿಕಾದಲ್ಲಿ ಸುಮಾರು 80 ಲಕ್ಷ ಜನರು ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಜಗತ್ತಿನ ಬೇರಾವ ದೇಶದಲ್ಲೂ ಇಷ್ಟು ಮಂದಿ ಇಲ್ಲ. ಅವರಲ್ಲಿ ಹೆಂಗಸರೇ ಹೆಚ್ಚು, ಹೆಂಗಸರಲ್ಲಿ ಬಹುಪಾಲು ಕಪ್ಪು ಜನಾಂಗದವರು. 15ರಿಂದ 24ರ ವಯಸ್ಸಿನ ಯುವತಿಯರಲ್ಲಿ ಸೋಂಕಿನ ಪ್ರಮಾಣ ಅದೇ ವಯಸ್ಸಿನ ಯುವಕರಲ್ಲಿ ಇರುವುದಕ್ಕಿಂತ ಸುಮಾರು ಎರಡು ಪಟ್ಟು.

ಇದಕ್ಕೆ ಮೈಬಣ್ಣ ಕಾರಣವಲ್ಲ, ಮೈಬಣ್ಣವನ್ನು ನೋಡಿ ನಡೆಸಿದ ಆಡಳಿತ ಕಾರಣ. ವರ್ಣಭೇದ ನೀತಿಯ ಕಾಲದಲ್ಲಿ ಕಪ್ಪು ಗಂಡಸರನ್ನು ಗಣಿಗಳಿಗೂ ನಗರಗಳಿಗೂ ಕೂಲಿಗೆ ಕರೆದೊಯ್ದು ಗಂಡಸರಷ್ಟೇ ಇರುವ ಹಾಸ್ಟೆಲುಗಳಲ್ಲಿ ಇರಿಸಲಾಗುತ್ತಿತ್ತು. ಹೆಂಡತಿ ಮಕ್ಕಳು ದೂರದ ಬಡ ಪ್ರದೇಶಗಳಲ್ಲೇ ಉಳಿಯಬೇಕಿತ್ತು. ತಲೆಮಾರುಗಳ ಕಾಲ ಕುಟುಂಬಗಳು ಹೀಗೆ ಹರಿದುಹೋದವು. 1994ರಲ್ಲಿ ಪ್ರಜಾಪ್ರಭುತ್ವ ಬಂದರೂ ಆ ಬಡತನ, ಆ ವಲಸೆ, ಹಣವಿರುವ ಗಂಡಸಿನ ಮೇಲಿನ ಆ ಅವಲಂಬನೆ ಹಾಗೆಯೇ ಮುಂದುವರಿದವು.

ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಕ್ಯಾಪ್ರಿಸಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೋಂಕಿತರ ವೈರಸ್‌ಗಳ ವಂಶವಾಹಿಗಳನ್ನು ಹೋಲಿಸಿ ಯಾರ ಸೋಂಕು ಯಾರ ಸೋಂಕಿಗೆ ಹತ್ತಿರ ಎಂದು ಹುಡುಕಿದರು. 25 ವರ್ಷದೊಳಗಿನ ಯುವತಿಯರಿಗೆ ಸೋಂಕು ಬರುತ್ತಿದ್ದುದು ಸರಾಸರಿ ಎಂಟು-ಒಂಬತ್ತು ವರ್ಷ ದೊಡ್ಡವರಾದ ಗಂಡಸರಿಂದ ಎಂದು ಆ ಅಧ್ಯಯನ 2017ರಲ್ಲಿ ತೋರಿಸಿತು. ಆ ಗಂಡಸರ ಸೋಂಕಿನ ನಂಟು ಮಾತ್ರ ಹೆಚ್ಚಾಗಿ ತಮ್ಮದೇ ವಯಸ್ಸಿನ ಹೆಂಗಸರೊಂದಿಗೆ ಇತ್ತು. ಇಂದಿನ ಹುಡುಗಿ ನಾಳೆ ಮೂವತ್ತರ ಹೆಂಗಸಾಗುತ್ತಾಳೆ, ಅವಳಿಂದ ಸೋಂಕು ಅವಳ ವಯಸ್ಸಿನ ಗಂಡಸಿಗೆ ಹೋಗುತ್ತದೆ, ಅವನಿಂದ ಮತ್ತೊಬ್ಬ ಹುಡುಗಿಗೆ ತಲುಪುತ್ತದೆ. ಶಾಲೆಯ ಶುಲ್ಕ, ಮೊಬೈಲ್, ಬಟ್ಟೆ ಕೊಡಿಸುವ ಇಂಥ ಹಿರಿಯ ಗಂಡಸನ್ನು ಅಲ್ಲಿನ ಹುಡುಗಿಯರು ‘ಬ್ಲೆಸರ್’ ಎಂದು ಕರೆಯುತ್ತಾರೆ.

ಹಾಗಾಗಿ ಹುಡುಗಿಗೆ ಮಾತ್ರ ಬುದ್ಧಿ ಹೇಳಿದರೆ ಸಾಲದು. ಅವಳ ತಾಯಿ, ಅಜ್ಜಿ, ಆ ಗಂಡಸು, ಅವನ ಗೆಳೆಯರು ಎಲ್ಲರ ಕಿವಿಗೂ ಒಂದೇ ಮಾತು ಬೀಳಬೇಕು. ಚಿಕಿತ್ಸಾಲಯದ ಗೋಡೆಗೆ ಅಂಟಿಸಿದ ಭಿತ್ತಿಪತ್ರವನ್ನು ಚಿಕಿತ್ಸಾಲಯಕ್ಕೆ ಬಂದವರು ಮಾತ್ರ ಓದುತ್ತಾರೆ.

ಔಷಧ ಕೈಯಲ್ಲಿದ್ದೂ ಸೋತ ಪ್ರಯೋಗ

ಸೋಂಕು ತಗುಲುವ ಮೊದಲೇ ತೆಗೆದುಕೊಳ್ಳುವ ತಡೆ ಔಷಧಕ್ಕೆ ಪ್ರೆಪ್ ಎಂಬ ಹೆಸರಿದೆ. ದಿನಕ್ಕೊಂದು ಮಾತ್ರೆಯ ರೂಪದಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2012ರಲ್ಲಿ. ಆದರೆ ಆಫ್ರಿಕಾದ ಮಹಿಳೆಯರಲ್ಲಿ ಅದರ ಕಥೆ ಬೇರೆಯೇ ಆಯಿತು.

ದಕ್ಷಿಣ ಆಫ್ರಿಕಾ, ಉಗಾಂಡಾ ಮತ್ತು ಜಿಂಬಾಬ್ವೆಯ 5,029 ಮಹಿಳೆಯರ ಮೇಲೆ ನಡೆದ ‘ವಾಯ್ಸ್’ ಎಂಬ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಮಾತ್ರೆ, ಯೋನಿಗೆ ಹಚ್ಚುವ ಜೆಲ್ ಎರಡನ್ನೂ ಪರೀಕ್ಷಿಸಲಾಗಿತ್ತು. ಯಾವುದರಿಂದಲೂ ಸೋಂಕು ಕಡಿಮೆಯಾಗಲಿಲ್ಲ. ತಪ್ಪದೆ ತೆಗೆದುಕೊಂಡಿದ್ದೇವೆ ಎಂದು ಮಹಿಳೆಯರು ಹೇಳಿದ್ದರು, ವಾಪಸು ತಂದ ಡಬ್ಬಿಗಳಲ್ಲಿ ಉಳಿದ ಮಾತ್ರೆಗಳ ಲೆಕ್ಕವೂ ಹಾಗೆಯೇ ಹೇಳಿತ್ತು. ರಕ್ತ ಪರೀಕ್ಷಿಸಿದಾಗ ಔಷಧ ಕಂಡದ್ದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಮಾದರಿಗಳಲ್ಲಿ.

ಅವರು ಸುಳ್ಳುಗಾರರು ಎಂದು ತೀರ್ಮಾನಿಸುವುದು ಸುಲಭ, ಆದರೆ ಅನ್ಯಾಯ. ಆ ಮಾತ್ರೆಗಳು ಎಚ್‌ಐವಿ ರೋಗಿಗಳು ನುಂಗುವ ಮಾತ್ರೆಗಳೇ. ಮನೆಯಲ್ಲಿ ಡಬ್ಬಿ ಸಿಕ್ಕರೆ ‘ನಿನಗೆ ಕಾಯಿಲೆ ಇದೆಯೇ?’ ಎಂಬ ಪ್ರಶ್ನೆ ಏಳುತ್ತದೆ. ಇಲ್ಲ, ಇದು ಬಾರದಿರಲೆಂದು ಎಂದರೆ ‘ಹಾಗಾದರೆ ನನ್ನ ಮೇಲೆ ನಂಬಿಕೆ ಇಲ್ಲವೇ, ಅಥವಾ ನೀನೇ ಬೇರೆಯವರ ಜೊತೆ ಹೋಗುತ್ತೀಯಾ?’ ಎಂಬ ಪ್ರಶ್ನೆ. ಎರಡಕ್ಕೂ ಉತ್ತರ ಕೊಡಲಾಗದ ಹೆಂಗಸು ಮಾತ್ರೆಯನ್ನು ಎಸೆಯುತ್ತಾಳೆ. ಪ್ರಯೋಗ ನಡೆಸುವವರ ಮುಂದೆ ಹೌದು ಎನ್ನುತ್ತಾಳೆ, ಏಕೆಂದರೆ ಅವಳನ್ನು ಗೌರವದಿಂದ ನಡೆಸಿಕೊಂಡ ಜಾಗ ಅದೊಂದೇ ಇದ್ದಿರಲೂಬಹುದು.

ಇದೇ ಅನುಭವ ಮತ್ತೆ ಮರುಕಳಿಸಿತು. ಲೆನಾಕಪವಿರ್‌ನ ದೊಡ್ಡ ಪ್ರಯೋಗ ನಡೆದದ್ದು ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ ಯುವತಿಯರ ಮೇಲೆ. 2024ರಲ್ಲಿ ಫಲಿತಾಂಶ ಹೊರಬಿದ್ದಾಗ ಜಗತ್ತು ಒಂದು ಸಂಖ್ಯೆಯನ್ನು ಮಾತ್ರ ಎತ್ತಿ ಹಿಡಿಯಿತು: ಇಂಜೆಕ್ಷನ್ ಪಡೆದ 2,134 ಮಂದಿಯಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ. ಅದೇ ಪ್ರಯೋಗದಲ್ಲಿ ದಿನವೂ ಮಾತ್ರೆ ಪಡೆದ ಎರಡು ಗುಂಪುಗಳಿದ್ದವು. ಒಂದರ 2,136 ಮಂದಿಯಲ್ಲಿ 39 ಜನರಿಗೆ, ಇನ್ನೊಂದರ 1,068 ಮಂದಿಯಲ್ಲಿ 16 ಜನರಿಗೆ ಸೋಂಕು ತಗುಲಿತು. ಹನ್ನೊಂದು ವರ್ಷಗಳ ನಂತರವೂ ಮಾತ್ರೆಯ ಡಬ್ಬಿ ಮನೆಯೊಳಗೆ ನೆಮ್ಮದಿಯಾಗಿ ಕೂರುವಂತಾಗಿರಲಿಲ್ಲ.

ಇಂಜೆಕ್ಷನ್ ತಂದ ಹೊಸ ಪ್ರಶ್ನೆಗಳು

ಚುಚ್ಚಿಸಿಕೊಂಡ ಮೇಲೆ ಮುಚ್ಚಿಡಬೇಕಾದ ಡಬ್ಬಿ ಇಲ್ಲ, ದಿನವೂ ನೆನಪಿಡುವ ಗೋಜಿಲ್ಲ. ಹಾಗಾದರೆ ಮಾತು ಅನಗತ್ಯವಾಯಿತೇ? ಔಷಧದ ವಿವರ ನೋಡಿದರೆ ಹಾಗನ್ನಿಸುವುದಿಲ್ಲ.

ಲೆನಾಕಪವಿರ್ ಅನ್ನು ಹೊಟ್ಟೆಯ ಚರ್ಮದ ಕೆಳಗೆ ಕೊಡುತ್ತಾರೆ. ಮೊದಲ ದಿನ ಎರಡು ಚುಚ್ಚು, ಜೊತೆಗೆ ಎರಡು ಮಾತ್ರೆ, ಮರುದಿನ ಮನೆಯಲ್ಲಿ ಇನ್ನೆರಡು ಮಾತ್ರೆ. ಆ ಮರುದಿನದ ಮಾತ್ರೆ ತಪ್ಪಿದರೆ ರಕ್ಷಣೆ ಬೇಗ ಸಿಗುವುದಿಲ್ಲ. ಔಷಧ ಚರ್ಮದಡಿ ನಿಧಾನವಾಗಿ ಕರಗುವುದರಿಂದ ಪ್ರಯೋಗದಲ್ಲಿ ಭಾಗವಹಿಸಿದ ಮೂವರಲ್ಲಿ ಸುಮಾರು ಇಬ್ಬರಿಗೆ ಅಲ್ಲಿ ಸಣ್ಣ ಗಂಟು ಕಾಣಿಸಿಕೊಂಡಿತು. ಹಾನಿಯಿಲ್ಲದ ಗಂಟು, ಕಾಲಕ್ರಮೇಣ ಕರಗುತ್ತದೆ. ಆದರೆ ಗಂಡನ ಕೈಗೆ ತಗುಲುತ್ತದೆ. ಅವನು ಕೇಳಿದರೆ ಏನು ಹೇಳಬೇಕು? ವೈದ್ಯಕೀಯ ಕರಪತ್ರದಲ್ಲಿ ಗಂಟಿನ ಪ್ರಸ್ತಾಪವಿರುತ್ತದೆ, ಗಂಡನ ಪ್ರಸ್ತಾಪವಿರುವುದಿಲ್ಲ.

ಇನ್ನೊಂದು ಗೊಂದಲವನ್ನು ಊಹಿಸುವುದು ಕಷ್ಟವಲ್ಲ. ದಕ್ಷಿಣ ಆಫ್ರಿಕಾದ ಹೆಂಗಸರಿಗೆ ಎರಡು ಅಥವಾ ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಗರ್ಭನಿರೋಧಕ ಇಂಜೆಕ್ಷನ್ ಬಹಳ ಪರಿಚಿತ. ಈಗ ಅದೇ ಚಿಕಿತ್ಸಾಲಯದಲ್ಲಿ ಆರು ತಿಂಗಳ ಇಂಜೆಕ್ಷನ್ ಬಂದರೆ, ಇದೊಂದರಿಂದ ಎರಡೂ ಕೆಲಸ ಆಗುತ್ತದೆ ಎಂದು ತಿಳಿದುಕೊಳ್ಳುವವರು ಇರುತ್ತಾರೆ. ಇದು ಗರ್ಭ ತಡೆಯುವುದಿಲ್ಲ, ಸಿಫಿಲಿಸ್‌ನಂಥ ಬೇರೆ ಲೈಂಗಿಕ ಸೋಂಕುಗಳನ್ನೂ ತಡೆಯುವುದಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧ ಲೆನಾಕಪವಿರ್‌ನ ಬಲ ಕುಗ್ಗಿಸುತ್ತದೆ. ಕ್ಷಯ ವ್ಯಾಪಕವಾಗಿರುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಎರಡನೆಯ ಸರದಿ. ನಿಗದಿತ ಕಾಲಕ್ಕೆ ಮರಳಿ ಬಾರದಿದ್ದರೆ ಔಷಧ ಒಮ್ಮೆಲೇ ಮಾಯವಾಗುವುದಿಲ್ಲ, ಕಡಿಮೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸೋಂಕು ತಡೆಯಲು ಸಾಲದ, ಆದರೆ ವೈರಸ್‌ಗೆ ಔಷಧದ ಪರಿಚಯ ಮಾಡಿಕೊಡಲು ಸಾಕಾಗುವ ಆ ಪ್ರಮಾಣದಲ್ಲಿ ಸೋಂಕು ತಗುಲಿದರೆ ಔಷಧಕ್ಕೆ ಬಗ್ಗದ ವೈರಸ್ ಬೆಳೆಯುವ ಅಪಾಯವಿದೆ. ಹಾಗಾಗಿ ಬಿಡಬೇಕೆನ್ನಿಸಿದರೂ ಹೇಳಿಯೇ ಬಿಡಬೇಕು, ಬೇರೆ ರಕ್ಷಣೆಗೆ ದಾಟಬೇಕು. ಐದು ನಿಮಿಷದ ಸಮಾಲೋಚನೆಯಲ್ಲಿ ಇಷ್ಟೆಲ್ಲ ಹೇಳಿ ಮುಗಿಸಲು ಯಾವ ನರ್ಸ್‌ಗೂ ಆಗದು. ವಾರ ವಾರವೂ ಕೇಳಿ, ನೆರೆಮನೆಯವಳ ಜೊತೆ ಚರ್ಚಿಸಿ, ಮತ್ತೆ ಕೇಳಿದಾಗಲೇ ಇಂಥದ್ದು ತಲೆಗಿಳಿಯುತ್ತದೆ.

ಸಮುದಾಯ ರೇಡಿಯೊದ ಹಿನ್ನೆಲೆ

ಸಮುದಾಯ ರೇಡಿಯೊ ಎಂದರೆ ಸರ್ಕಾರಿ ಬಾನುಲಿಯ ಸ್ಥಳೀಯ ಶಾಖೆಯಲ್ಲ. ಊರಿನವರೇ ಒಡೆತನ ಹೊಂದಿ, ಊರಿನವರೇ ನಡೆಸುವ ಸಣ್ಣ ಕೇಂದ್ರ. ದಕ್ಷಿಣ ಆಫ್ರಿಕಾದಲ್ಲಿ ಇದು ಹುಟ್ಟಿದ್ದೇ ಪ್ರತಿಭಟನೆಯಾಗಿ. 1980ರ ದಶಕದ ಕೊನೆಯಲ್ಲಿ ಕೇಪ್‌ಟೌನ್‌ನ ಹೋರಾಟಗಾರರು ಭಾಷಣ, ಕವಿತೆ, ಸಂಗೀತವನ್ನು ಕ್ಯಾಸೆಟ್‌ಗಳಲ್ಲಿ ಮುದ್ರಿಸಿ ಕೈಯಿಂದ ಕೈಗೆ ಹಂಚುತ್ತಿದ್ದರು. ಅದೇ ಬಳಗದಿಂದ ಮೂಡಿದ ಬುಷ್ ರೇಡಿಯೊ 1993ರಲ್ಲಿ ಪರವಾನಗಿ ಸಿಗದಿದ್ದರೂ ಪ್ರಸಾರ ಆರಂಭಿಸಿತು. ಪೊಲೀಸರು ಬಂದು ಉಪಕರಣ ಹೊತ್ತೊಯ್ದರು. ಅಧಿಕೃತ ಪರವಾನಗಿ ಸಿಕ್ಕದ್ದು 1995ರಲ್ಲಿ. ಇಂದು ದೇಶದಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಕೇಂದ್ರಗಳಿವೆ.

ಕನ್ನಡಿಗರಿಗೆ ಈ ಹಾದಿ ಅಪರಿಚಿತವೇನಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಭಾರತದಲ್ಲಿ ಸಮುದಾಯ ರೇಡಿಯೊ ಪರವಾನಗಿಯ ಬಾಗಿಲು ತೆರೆದದ್ದು 2006ರಲ್ಲಿ. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಹಳ್ಳಿಯ ಕೇಬಲ್ ತಂತಿಯ ಮೂಲಕವೇ ಕಾರ್ಯಕ್ರಮಗಳನ್ನು ಮನೆಮನೆಗೆ ಮುಟ್ಟಿಸುತ್ತಿತ್ತು.

ಎಚ್‌ಐವಿ ವಿಷಯದಲ್ಲಿ ಊರಿನ ದನಿಗೆ ದಕ್ಷಿಣ ಆಫ್ರಿಕಾದಲ್ಲಿ ಇನ್ನೊಂದು ಕಾರಣಕ್ಕೂ ಬೆಲೆ ಬಂತು. ಅಧ್ಯಕ್ಷ ಥಾಬೊ ಎಂಬೆಕಿ 2000ದ ಸುಮಾರಿಗೆ ಏಡ್ಸ್‌ಗೆ ಎಚ್‌ಐವಿ ಕಾರಣ ಎಂಬುದನ್ನೇ ಪ್ರಶ್ನಿಸಿದರು. ಅವರ ಆರೋಗ್ಯ ಸಚಿವೆ ಬೆಳ್ಳುಳ್ಳಿ, ಬೀಟ್‌ರೂಟ್‌ಗಳ ಗುಣಗಾನ ಮಾಡಿದರು. ಔಷಧ ತಡವಾದ ಆ ವರ್ಷಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜೀವಗಳು ಹೋದವು ಎಂದು ಹಾರ್ವರ್ಡ್‌ನ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದರು. ಸರ್ಕಾರದ ಬಾಯಿಂದಲೇ ತಪ್ಪು ಕೇಳಿದ ಜನರಿಗೆ ಸರ್ಕಾರದ ಪ್ರಕಟಣೆಯೊಂದೇ ಸಾಲುವುದಿಲ್ಲ. ತಮ್ಮ ಬೀದಿಯ ಹುಡುಗಿ, ತಮ್ಮ ಚಿಕಿತ್ಸಾಲಯದ ನರ್ಸ್ ತಮ್ಮದೇ ಭಾಷೆಯಾದ ಐಸಿಜುಲು ಅಥವಾ ಐಸಿಖೋಸಾದಲ್ಲಿ ಹೇಳಿದಾಗ ಅದನ್ನು ತೂಗಿ ನೋಡುತ್ತಾರೆ. ಕರೆ ಮಾಡಿ ಎದುರು ಪ್ರಶ್ನೆಯನ್ನೂ ಹಾಕುತ್ತಾರೆ. ಹೆಸರು ಹೇಳದೆ ಪ್ರಶ್ನೆ ಕೇಳಬಹುದು ಎಂಬುದೇ ಇಲ್ಲಿ ದೊಡ್ಡ ಅನುಕೂಲ. ಹೊಟ್ಟೆಯ ಮೇಲಿನ ಗಂಟಿನ ಬಗ್ಗೆ ಒಬ್ಬಳು ಕೇಳಿದರೆ ಕೇಳಲಾಗದೆ ಕುಳಿತ ನೂರು ಮಂದಿಗೆ ಉತ್ತರ ಸಿಗುತ್ತದೆ, ಅವರ ಗಂಡಂದಿರಿಗೂ ಕೇಳಿಸುತ್ತದೆ.

ರೇಡಿಯೊ ಕೇಳಿ ನಡತೆ ಬದಲಾಗುತ್ತದೆಯೇ?

ಇದಕ್ಕೆ ಸಾಕ್ಷ್ಯವಿದೆ, ಮಿತಿಯೂ ಇದೆ. ಟಾಂಜಾನಿಯಾದಲ್ಲಿ 1993ರಿಂದ ಸ್ವಾಹಿಲಿಯಲ್ಲಿ ರೇಡಿಯೊ ಧಾರಾವಾಹಿಯೊಂದು ಪ್ರಸಾರವಾಯಿತು. ಊರೂರಲ್ಲಿ ಸಂಬಂಧ ಬೆಳೆಸುವ ಲಾರಿ ಚಾಲಕ ಅದರ ಒಂದು ಪಾತ್ರ, ಅವನನ್ನು ಬಿಟ್ಟು ಸ್ವಂತ ದುಡಿಮೆಗೆ ನಿಲ್ಲುವ ಹೆಂಡತಿ ಇನ್ನೊಂದು. ಡೊಡೊಮಾ ಪ್ರದೇಶದಲ್ಲಿ ಮಾತ್ರ ಎರಡು ವರ್ಷ ಅದನ್ನು ಬೇಕೆಂದೇ ಪ್ರಸಾರ ಮಾಡಲಿಲ್ಲ, ಹೋಲಿಸಿ ನೋಡುವ ಸಲುವಾಗಿ. ಕೇಳಿದ ಪ್ರದೇಶಗಳಲ್ಲಿ ಲೈಂಗಿಕ ಸಂಗಾತಿಗಳ ಸಂಖ್ಯೆ ಇಳಿಯಿತು, ಕಾಂಡೋಮ್ ಬಳಕೆ ಏರಿತು.

ಬುರ್ಕಿನಾ ಫಾಸೊದಲ್ಲಿ 2012ರಿಂದ 2015ರವರೆಗೆ ನಡೆದ ಪ್ರಯೋಗ ಇನ್ನಷ್ಟು ಕಟ್ಟುನಿಟ್ಟಾದದ್ದು. ಹದಿನಾಲ್ಕು ಸಮುದಾಯ ರೇಡಿಯೊ ಪ್ರದೇಶಗಳನ್ನು ಆರಿಸಿ, ಏಳರಲ್ಲಿ ಮಾತ್ರ ಮಕ್ಕಳ ಆರೋಗ್ಯದ ಕಾರ್ಯಕ್ರಮ ಪ್ರಸಾರ ಮಾಡಲಾಯಿತು. ಆ ಏಳು ಕಡೆ ಮಕ್ಕಳನ್ನು ಚಿಕಿತ್ಸಾಲಯಕ್ಕೆ ಕರೆತರುವವರು ಹೆಚ್ಚಿದರು. ಆದರೆ ಮಕ್ಕಳ ಸಾವು ಇಳಿಯಿತು ಎಂದು ಸಾಬೀತುಪಡಿಸಲು ಆಗಲಿಲ್ಲ. ರೇಡಿಯೊ ಜನರನ್ನು ಚಿಕಿತ್ಸಾಲಯದ ಬಾಗಿಲವರೆಗೆ ಕರೆತರಬಲ್ಲದು. ಒಳಗೆ ಔಷಧವೂ ಒಳ್ಳೆಯ ಮಾತೂ ಇಲ್ಲದಿದ್ದರೆ ಅದರ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎದುರು ವಾದಗಳು

ಹಣ ಕಡಿಮೆ ಇರುವಾಗ ಮೊದಲು ಔಷಧ ಕೊಳ್ಳೋಣ, ಮಾತು ಆಮೇಲೆ ಎಂಬುದು ಮೊದಲ ವಾದ. ಇದರಲ್ಲಿ ಪ್ರಾಮಾಣಿಕತೆ ಇದೆ, ಆದರೆ ‘ವಾಯ್ಸ್’ ಪ್ರಯೋಗದ ಪಾಠವನ್ನು ಅದು ಮರೆತಿದೆ. ಅಲ್ಲಿ ಔಷಧಕ್ಕೆ ಕೊರತೆಯೇ ಇರಲಿಲ್ಲ.

ಯುವತಿಯರು ಈಗ ಮೊಬೈಲ್‌ನಲ್ಲಿದ್ದಾರೆ, ರೇಡಿಯೊ ಯಾರು ಕೇಳುತ್ತಾರೆ ಎಂಬುದು ಎರಡನೆಯದು. ನಗರಗಳ ಮಟ್ಟಿಗೆ ಇದರಲ್ಲಿ ಹುರುಳಿದೆ. ಆದರೆ ಮೊಬೈಲ್ ಡೇಟಾ ದುಬಾರಿ ಎಂದು ದಕ್ಷಿಣ ಆಫ್ರಿಕಾದ ಸ್ಪರ್ಧಾ ಆಯೋಗವೇ 2019ರಲ್ಲಿ ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ಮೊಬೈಲ್ ಒಬ್ಬೊಬ್ಬರಿಗೆ ಬೇರೆ ಬೇರೆ ಮಾತು ಕೇಳಿಸುತ್ತದೆ. ಅಡುಗೆಮನೆಯಲ್ಲಿ ಹಾಡುತ್ತಿರುವ ರೇಡಿಯೊ ಅಜ್ಜಿಗೂ ಮೊಮ್ಮಗಳಿಗೂ ಏಕಕಾಲಕ್ಕೆ ಒಂದೇ ಮಾತು ಕೇಳಿಸುತ್ತದೆ. ಮನೆಯೊಳಗೆ ಈ ವಿಷಯ ಎತ್ತಲು ಮೊಮ್ಮಗಳಿಗೆ ಅದೇ ನೆಪವಾಗಬಹುದು. ಎರಡನ್ನೂ ಬೆಸೆಯುವ ಕೇಂದ್ರಗಳೂ ಇವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಧ್ವನಿ ಸಂದೇಶವನ್ನೇ ಪ್ರಸಾರದಲ್ಲಿ ಕೇಳಿಸಿ ನರ್ಸ್‌ನಿಂದ ಉತ್ತರ ಪಡೆಯುವುದು ಈಗ ಕಷ್ಟದ ಕೆಲಸವಲ್ಲ.

ಮೂರನೆಯ ಆಕ್ಷೇಪ ಸ್ತ್ರೀವಾದಿಗಳದ್ದು, ಅದೇ ಹೆಚ್ಚು ತೂಕದ್ದು. ಪ್ರತಿಯೊಂದು ಸಂದೇಶವೂ ಹೆಂಗಸಿಗೇ ಏಕೆ? ಪರೀಕ್ಷೆ ಅವಳೇ ಮಾಡಿಸಿಕೊಳ್ಳಬೇಕು, ಇಂಜೆಕ್ಷನ್ ಅವಳೇ ತೆಗೆದುಕೊಳ್ಳಬೇಕು, ಸೋಂಕು ತಗುಲಿದರೆ ತಪ್ಪೂ ಅವಳದೇ. ‘ಕಪ್ಪು ಮಹಿಳೆಯರ ಕಾಯಿಲೆ’ ಎಂಬ ಮುದ್ರೆ ಬಿದ್ದರೆ ಕಳಂಕ ಇನ್ನೂ ಗಟ್ಟಿಯಾಗುತ್ತದೆ. ಇದು ಸರಿಯಾದ ಎಚ್ಚರಿಕೆ. ಕೆಟ್ಟ ರೇಡಿಯೊ ಕಾರ್ಯಕ್ರಮ ಉಪದೇಶ ಮಾಡುತ್ತದೆ, ಉಪದೇಶ ಸುಲಭವಾಗಿ ದೂಷಣೆಯಾಗುತ್ತದೆ. ಮೂವತ್ತೈದರ ಗಂಡಸನ್ನು ಪರೀಕ್ಷೆಗೂ ಚಿಕಿತ್ಸೆಗೂ ಕರೆತರದ ಕಾರ್ಯಕ್ರಮ ಸರಪಳಿಯ ಒಂದೇ ಕೊಂಡಿಯನ್ನು ಎಳೆಯುತ್ತಿರುತ್ತದೆ.

ಅಮೆರಿಕದಲ್ಲೂ ಇದೇ ಗಾಯ

ಇದು ಆಫ್ರಿಕಾದ ಸಮಸ್ಯೆ ಮಾತ್ರ ಎಂದುಕೊಳ್ಳುವಂತಿಲ್ಲ. ಅಮೆರಿಕದ ಮಹಿಳೆಯರಲ್ಲಿ ಕಪ್ಪು ಮಹಿಳೆಯರು ಸುಮಾರು ಶೇ 13, ಆದರೆ ಮಹಿಳೆಯರಲ್ಲಿ ಹೊಸದಾಗಿ ಪತ್ತೆಯಾಗುವ ಎಚ್‌ಐವಿ ಪ್ರಕರಣಗಳಲ್ಲಿ ಅರ್ಧದಷ್ಟು ಅವರದ್ದು. ಪ್ರೆಪ್ ಪ್ರಚಾರ ಅಲ್ಲಿ ಬಹುಕಾಲ ಸಲಿಂಗಿ ಪುರುಷರ ಸುತ್ತಲೇ ನಡೆಯಿತು. 2019ರಲ್ಲಿ ಒಪ್ಪಿಗೆ ಪಡೆದ ಎರಡನೆಯ ಪ್ರೆಪ್ ಮಾತ್ರೆ ಡೆಸ್ಕೋವಿಯನ್ನು ಯೋನಿ ಸಂಭೋಗದ ಮೂಲಕ ಸೋಂಕಿನ ಅಪಾಯವಿರುವವರಿಗೆ ಶಿಫಾರಸು ಮಾಡಲೇ ಇಲ್ಲ, ಏಕೆಂದರೆ ಅದರ ಪ್ರಯೋಗದಲ್ಲಿ ಇಂಥ ಮಹಿಳೆಯರನ್ನು ಸೇರಿಸಿಕೊಂಡಿರಲೇ ಇಲ್ಲ. ಇದು ನಮಗಲ್ಲ ಎಂದು ಕಪ್ಪು ಮಹಿಳೆಯರು ಭಾವಿಸಿದರೆ ಅದು ಅವರ ಅಜ್ಞಾನವಲ್ಲ.

ಅಮೆರಿಕದ ಕಪ್ಪು ಸಮುದಾಯಕ್ಕೂ ತನ್ನದೇ ರೇಡಿಯೊ ಪರಂಪರೆ ಇದೆ. ಕಪ್ಪು ಜನಾಂಗದವರೇ ಒಡೆಯರಾದ ಮೊದಲ ಕೇಂದ್ರ ಅಟ್ಲಾಂಟಾದಲ್ಲಿ 1949ರಲ್ಲಿ ಆರಂಭವಾಯಿತು. ಎಚ್‌ಐವಿ ಇಂದು ಹೆಚ್ಚು ಕಾಡುತ್ತಿರುವುದೂ ಅಟ್ಲಾಂಟಾ ಇರುವ ಅದೇ ದಕ್ಷಿಣದ ರಾಜ್ಯಗಳನ್ನು.

ಹಣ ನಿಂತಾಗ ಮೊದಲು ಹೋದದ್ದು

2025ರ ಜನವರಿ 20ರಂದು ಅಮೆರಿಕ ವಿದೇಶಿ ನೆರವನ್ನು ತಡೆಹಿಡಿಯಿತು. ದಕ್ಷಿಣ ಆಫ್ರಿಕಾದ ಎಚ್‌ಐವಿ ವೆಚ್ಚದಲ್ಲಿ ಸುಮಾರು ಶೇ 17ರಷ್ಟು ಪೆಪ್‌ಫಾರ್ ಎಂಬ ಅಮೆರಿಕದ ಯೋಜನೆಯಿಂದ ಬರುತ್ತಿತ್ತು. ನಂತರ ಜೀವರಕ್ಷಕ ಸೇವೆಗಳಿಗೆ ವಿನಾಯಿತಿ ಕೊಟ್ಟರೂ ಪ್ರೆಪ್ ಅನ್ನು ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರಿಗೆ ಸೀಮಿತಗೊಳಿಸಲಾಯಿತು. ಗರ್ಭಿಣಿಯಲ್ಲದ ಹತ್ತೊಂಬತ್ತರ ಹುಡುಗಿ, ಅಂದರೆ ಸರಪಳಿಯ ನಡುವೆಯೇ ಇರುವವಳು, ಹೊರಗುಳಿದಳು. ದಕ್ಷಿಣ ಆಫ್ರಿಕಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರು ಕೆಲಸ ಕಳೆದುಕೊಂಡರು.

ರೇಡಿಯೊಗೆ ಇದು ಎರಡು ಕಡೆಯಿಂದ ತಟ್ಟುತ್ತದೆ. ಸ್ಟುಡಿಯೊಗೆ ಬಂದು ಕೂರಬೇಕಾದ ನರ್ಸ್, ಸಮಾಲೋಚಕಿ, ಯುವ ಕಾರ್ಯಕರ್ತೆ ಈಗ ಕೆಲಸದಲ್ಲಿಲ್ಲ. ಆರೋಗ್ಯ ಸಂಸ್ಥೆಗಳು ಕಾರ್ಯಕ್ರಮಕ್ಕೆಂದು ಕೊಡುತ್ತಿದ್ದ ಹಣವೂ ಬತ್ತುತ್ತದೆ. ಮೊದಲೇ ಈ ಕೇಂದ್ರಗಳದ್ದು ಕೈಯಿಂದ ಬಾಯಿಗೆ ಬದುಕು. ಸರ್ಕಾರಿ ಜಾಹೀರಾತು, ಮಾಧ್ಯಮ ಅಭಿವೃದ್ಧಿ ಸಂಸ್ಥೆ ಎಂಡಿಡಿಎಯ ಅನುದಾನ, ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತವೆ. ಪ್ರಸಾರ ಗೋಪುರದ ಶುಲ್ಕವನ್ನು ಸರ್ಕಾರಿ ಕಂಪನಿ ಸೆಂಟೆಕ್‌ಗೆ ಕಟ್ಟಲಾಗದೆ ದನಿ ಕಳೆದುಕೊಂಡ ಕೇಂದ್ರಗಳಿವೆ. ಖಾಲಿಯಾದ ಅರ್ಧ ಗಂಟೆಯನ್ನು ಹಣ ಕೊಟ್ಟು ಕೊಳ್ಳಲು ಸಿದ್ಧರಿರುವವರಲ್ಲಿ ಎಲ್ಲ ಕಾಯಿಲೆಗೂ ಮದ್ದು ಮಾರುವವರೂ ಇರುತ್ತಾರೆ. ಬೆಳ್ಳುಳ್ಳಿಯ ಕಾಲ ನೋಡಿದ ದೇಶದಲ್ಲಿ ಇದು ಕಲ್ಪನೆಯ ಭಯವಲ್ಲ.

ಅದೇ ವರ್ಷದ ಜುಲೈನಲ್ಲಿ ಅಮೆರಿಕ ತನ್ನದೇ ಸಾರ್ವಜನಿಕ ಪ್ರಸಾರಕ್ಕೆ ಮೀಸಲಿಟ್ಟಿದ್ದ 110 ಕೋಟಿ ಡಾಲರ್ ಹಿಂಪಡೆಯಿತು. ಅದರ ಹೊಡೆತ ಸಣ್ಣ ಸಮುದಾಯ ಕೇಂದ್ರಗಳಿಗೂ ಬಿತ್ತು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯ (ಸಿಡಿಸಿ) ಎಚ್‌ಐವಿ ತಡೆ ವಿಭಾಗದ ಸಿಬ್ಬಂದಿಯನ್ನು ಏಪ್ರಿಲ್‌ನಲ್ಲೇ ಕಡಿತಗೊಳಿಸಲಾಗಿತ್ತು.

ಮುಂದೇನಾಗಬಹುದು

ಏಡ್ಸ್, ಕ್ಷಯ, ಮಲೇರಿಯಾ ತಡೆಗೆ ಹಣ ಒದಗಿಸುವ ಅಂತರರಾಷ್ಟ್ರೀಯ ಸಂಸ್ಥೆ ಗ್ಲೋಬಲ್ ಫಂಡ್‌ನ ನೆರವಿನಿಂದ ದಕ್ಷಿಣ ಆಫ್ರಿಕಾ ಎರಡು ವರ್ಷಗಳಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜನರಿಗೆ ಲೆನಾಕಪವಿರ್ ಕೊಡಲು ಯೋಜಿಸಿದೆ. ಸೋಂಕಿನ ಅಪಾಯದಲ್ಲಿರುವವರ ಸಂಖ್ಯೆಗೆ ಹೋಲಿಸಿದರೆ ಇದು ಕಡಿಮೆ. ನಿಜವಾದ ವಿಸ್ತರಣೆ ಸಾಧ್ಯವಾಗುವುದು 2027ರಿಂದ. ಹೈದರಾಬಾದ್‌ನ ಡಾ. ರೆಡ್ಡೀಸ್ ಮತ್ತು ಹೆಟಿರೊ ಕಂಪನಿಗಳು ಆಗ ಇದೇ ಔಷಧವನ್ನು ವರ್ಷಕ್ಕೆ ಒಬ್ಬರಿಗೆ ಸುಮಾರು 40 ಡಾಲರ್‌ಗೆ ಕೊಡುವುದಾಗಿ ಹೇಳಿವೆ. ಅಮೆರಿಕದಲ್ಲಿ ಇದರ ಬೆಲೆ ವರ್ಷಕ್ಕೆ 28,000 ಡಾಲರ್‌ಗೂ ಹೆಚ್ಚು.

ಬೆಲೆಯ ಅಡ್ಡಿ ಹೀಗೆ ಕರಗುತ್ತಿರುವುದರಿಂದಲೇ ಮಾತಿನ ಅಡ್ಡಿ ಈಗ ಎದ್ದು ಕಾಣುತ್ತಿದೆ. ಮೊದಲ ವರ್ಷ ಔಷಧ ಕಡಿಮೆ, ಬೇಡಿಕೆ ಹೆಚ್ಚು ಇರುತ್ತದೆ. ಆಗಲೇ ತಿಳಿದ, ನಗರದಲ್ಲಿರುವ, ಧೈರ್ಯವಿರುವ ಹೆಂಗಸರು ಮೊದಲು ಬರುತ್ತಾರೆ, ಅಂಕಿಅಂಶ ಚೆನ್ನಾಗಿಯೇ ಕಾಣುತ್ತದೆ. ತೊಡಕು ತೋರುವುದು ಆಮೇಲೆ. ಗಂಟು ಮುಟ್ಟಿದ ಗಂಡ ಜಗಳ ತೆಗೆದಾಗ, ಇಂಜೆಕ್ಷನ್‌ನಿಂದ ಬಂಜೆತನ ಬರುತ್ತದೆ ಎಂದು ಯಾರೋ ಹಬ್ಬಿಸಿದಾಗ, ಹಳ್ಳಿಯ ಹುಡುಗಿ ಸಾಲಿನಲ್ಲಿ ನಿಲ್ಲಲು ಹಿಂಜರಿದಾಗ. ಜನರೇ ಬೇಡವೆನ್ನುತ್ತಿದ್ದಾರೆ ಎಂಬ ತೀರ್ಮಾನಕ್ಕೆ ಬಂದು ಅನುದಾನ ಕೊಡುವವರು ಕೈ ಹಿಂದೆಗೆಯುವ ಸಾಧ್ಯತೆಯೂ ಆಗಲೇ ಹೆಚ್ಚು.

ಹಾಗಾಗದಂತೆ ತಡೆಯಲು ಬೇಕಾದ ಹಣ ಔಷಧದ ವೆಚ್ಚದ ಮುಂದೆ ಅತ್ಯಲ್ಪ: ಗೋಪುರದ ಶುಲ್ಕ, ನಿರೂಪಕಿಗೆ ಗೌರವಧನ, ವಾರಕ್ಕೊಮ್ಮೆ ಸ್ಟುಡಿಯೊಗೆ ಬರುವ ನರ್ಸ್‌ಗೆ ಪ್ರಯಾಣ ಭತ್ಯೆ. ಇದನ್ನು ಪ್ರಚಾರದ ಖರ್ಚೆಂದು ಬದಿಗಿಡದೆ ಔಷಧ ಖರೀದಿಯ ಲೆಕ್ಕದೊಳಗೇ ಸೇರಿಸಬೇಕು. ಏನು ಮಾತನಾಡಬೇಕೆಂಬುದನ್ನು ಆ ಊರಿನ ಹೆಂಗಸರಿಗೆ ಬಿಡಬೇಕು. ದಕ್ಷಿಣ ಆಫ್ರಿಕಾದ ಆರೋಗ್ಯ ಇಲಾಖೆ ಅಂಕಿಅಂಶ ಬಿಡುಗಡೆ ಮಾಡಿದಾಗಲೆಲ್ಲ ಎಷ್ಟು ಜನ ಮೊದಲ ಇಂಜೆಕ್ಷನ್ ಪಡೆದರು ಎಂಬುದಕ್ಕಿಂತ, ಅವರಲ್ಲಿ ಎಷ್ಟು ಜನ ಆರು ತಿಂಗಳ ಬಳಿಕ ಎರಡನೆಯದಕ್ಕೆ ಮರಳಿ ಬಂದರು ಎಂಬ ಸಂಖ್ಯೆಯನ್ನು ಹುಡುಕಿ ನೋಡಬೇಕು.